ಪಿಳ್ಳಮ್ಮನ ಮಡಕೆಗೆ ನನ್ನ ಕೌಲ್

ಗೆಳತಿಯರೇ, ಕಳೆದ ವಾರ ಫೋಟೋ ಹಾಕಿದ್ದೆನಲ್ಲ, ಆ ನೀಲಿ ಕೌಲ್ ಇವತ್ತು ಕಣ್ಣಿಗೆ ಬಿತ್ತು. ಮಡಕೆಯ ಕೆಳಗೆ.

ಅದನ್ನು ಹೆಣೆದದ್ದು ನಮ್ಮ ಮನೆ ಓನರ್ ಪಿಳ್ಳಮ್ಮನಿಗಾಗಿ. ಚುಮುಚುಮು ಚಳಿಯಲ್ಲಿ ಪುಟ್ಟೇನಹಳ್ಳಿ ಕೆರೆ ಸುತ್ತಿ ಬಂದು ದಿನವಿಡೀ ಕೆಮ್ಮುತ್ತಾರೆ. ತಲೆಯ ಮೇಲಿಂದ ಇಳಿಸಿಕೊಂಡರೆ ಕುತ್ತಿಗೆಗೆ ಬೆಚ್ಚಗೆ ಕೂರುವ ಉಲ್ಲನ್ನಿನ ಬಳೆ ಅದು. ಕೊಡುವಾಗ "ಚಳಿಗೆ" ಎಂದಷ್ಟೇ ಹೇಳಿದ್ದೆ. ಉಡುಗೊರೆಯನ್ನು ವಿವರಿಸಬಾರದು ಎಂಬುದು ನನ್ನ ನಂಬಿಕೆ.

ಇವತ್ತು ಅವರ ಅಡುಗೆಮನೆಗೆ ಹೋದರೆ ಕುಡಿಯುವ ನೀರಿನ ಮಡಕೆ ಅದರ ಮೇಲೆ ಕೂತಿದೆ. ಪಿಳ್ಳಮ್ಮನ ಕುತ್ತಿಗೆಗೆ ಹಳೆಯ ಟವೆಲ್.

"ಎಂಥಾ ಸಿಂಬಿ ಮಾಡಿದೀಯಮ್ಮ. ಈ ಮಡಕೆ ಅಳ್ಳಾಡದೆ ಇಂಗೆ ಕೂತಿದ್ದೇ ಇಲ್ಲ."

"ಅಮ್ಮಾ, ಅದು ಕುತ್ತಿಗೆಗೆ ಹಾಕ್ಕೊಳ್ಳೋದು. ನಿಮ್ಮ ಕೆಮ್ಮಿಗೆ ಅಂತ ಮಾಡಿದ್ದು."

ಅವರು ನನ್ನನ್ನು ನೋಡಿದರು, ಮಡಕೆಯನ್ನು ನೋಡಿದರು.

"ನಂಗೆ ಟವೆಲ್ ಐತಲ್ಲಮ್ಮ. ಪಾಪ, ಮಡಕೆಗೇನೈತೆ?"

ತಣ್ಣಗಿರಲೆಂದು ಇಟ್ಟ ನೀರಿಗೆ ಉಲ್ಲನ್ ಏಕೆ ಎಂದು ಕೇಳುವಷ್ಟು ಧೈರ್ಯ ನನಗಿರಲಿಲ್ಲ. ಕೆಮ್ಮುತ್ತಲೇ ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

"ಮೊಸರಿನ ಗಡಿಗೆಗೂ ಒಂದು ಹಾಕ್ಕೊಡು. ಬಣ್ಣ ಯಾವ್ದಾದ್ರೂ ಆಯ್ತದೆ."

ಸಂಜೆಯೇ ಶುರು ಮಾಡಿದ್ದೇನೆ. ಅಳತೆ ಮಾತ್ರ ಕುತ್ತಿಗೆಯದೇ. ಈ ಸಲ ಕೊಡುವಾಗ "ಇದು ಮೊಸರಿಗೆ" ಎಂದು ಸ್ಪಷ್ಟವಾಗಿ ಹೇಳಲಿದ್ದೇನೆ. ಆಗಲಾದರೂ ಅವರು ಕುತ್ತಿಗೆಗೆ ಹಾಕಿಕೊಂಡಾರು.