ಮನೆಮನೆಯಿಂದ ಹಾಜರಿ ತರುತ್ತಿದ್ದಾಕೆ

ಮಂಡಿನೋವಿಗೆ ಹಚ್ಚಿಕೊಳ್ಳಲೆಂದು ಹೋದ ವಾರ ಪರಿಚಯದವರಿಂದ ಹರಳೆಣ್ಣೆ ತರಿಸಿದೆ. ಅಂಗಡಿಯ ಎಣ್ಣೆಯಲ್ಲ. ಮನೆಯಲ್ಲೇ ಹರಳು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ ತೆಗೆದದ್ದು. ಸೀಸೆಯ ಮುಚ್ಚಳ ತೆಗೆದೊಡನೆ ಆ ಮಂದವಾದ, ಸ್ವಲ್ಪ ಸೀದ ವಾಸನೆ ಕೋಣೆಯಲ್ಲಿ ನಿಂತಿತು. ಈ ವಾಸನೆ ನನ್ನ ಮಟ್ಟಿಗೆ ಒಬ್ಬಾಕೆಗೆ ಸೇರಿದ್ದು. ಆಕೆಯ ಸೊಂಟದಲ್ಲಿ ಯಾವಾಗಲೂ ಒಂದು ಮರದ ಬಾಚಣಿಗೆ, ಒಂದು ಪುಟ್ಟ ಎಣ್ಣೆ ಡಬ್ಬಿ ಸಿಕ್ಕಿಸಿಕೊಂಡಿರುತ್ತಿದ್ದವು.

ಐವತ್ತರ ದಶಕದ ಮಾತು. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆಗೆ ಹೋಗುವ ರಸ್ತೆಯ ಪಕ್ಕದ ಒಂದು ಊರಿನಲ್ಲಿ ಸರ್ಕಾರಿ ಹೆಣ್ಣುಮಕ್ಕಳ ಪ್ರೈಮರಿ ಶಾಲೆಯಿತ್ತು. ನಾನು ಅಲ್ಲಿ ಸಹಾಯಕ ಉಪಾಧ್ಯಾಯಿನಿ. ಮುಖ್ಯೋಪಾಧ್ಯಾಯಿನಿಯನ್ನು ಊರೆಲ್ಲ ದೊಡ್ಡ ಅಮ್ಮಾವ್ರು ಎನ್ನುತ್ತಿತ್ತು. ನಮ್ಮಿಬ್ಬರ ಜೊತೆಗೆ ಇದ್ದವಳು ಈಕೆ. ಆ ಕಾಲದಲ್ಲಿ ಕೆಲವು ಹೆಣ್ಣುಮಕ್ಕಳ ಶಾಲೆಗಳಿಗೆ, ಬೆಳಿಗ್ಗೆ ಮನೆಮನೆಗೆ ಹೋಗಿ ಹುಡುಗಿಯರನ್ನು ಕರೆತರಲು ಒಬ್ಬ ಹೆಂಗಸನ್ನು ಇಟ್ಟುಕೊಳ್ಳುತ್ತಿದ್ದರು. ಕಚೇರಿಯ ಚಿಲ್ಲರೆ ಖರ್ಚಿನ ಬಾಬ್ತಿನಲ್ಲಿ ಸಂಬಳ. ಊರವರು ಆಕೆಯನ್ನು ಇಸ್ಕೂಲವ್ವ ಎಂದು ಕರೆಯುತ್ತಿದ್ದರು. ನಾವೂ ಹಾಗೇ ಕರೆದೆವು.

ಆಮೇಲೆ ನಾನು ಆ ಕೆಲಸ ಬಿಟ್ಟು ಮೈಸೂರಿನ ಒಂದು ಪತ್ರಿಕಾ ಕಚೇರಿ ಸೇರಿದೆ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬರೆಯಬೇಕೆಂದು ಅಲ್ಲಿ ಕಲಿತೆ. ಇಲ್ಲಿ ಬರೆಯುತ್ತಿರುವುದು ಬಹುಪಾಲು ಕಂಡದ್ದು.

ಇಸ್ಕೂಲವ್ವ ಓದಿದವಳಲ್ಲ. ಹೊತ್ತು ಮೂಡಿ ಸ್ವಲ್ಪ ಹೊತ್ತಿಗೆಲ್ಲ ಮೇಲಿನ ಬೀದಿಯಿಂದ ಶುರುಮಾಡಿ, ಒಂದೊಂದೇ ಜಗಲಿಯ ಮುಂದೆ ನಿಲ್ಲುತ್ತಿದ್ದಳು. ತಾಯಂದಿರ ಬಳಿ ನೆಪಗಳಿಗೇನು ಕಡಿಮೆ? ತಲೆ ಬಾಚಿಲ್ಲ ಎಂದರೆ ಅಲ್ಲೇ ಜಗಲಿಯ ಮೇಲೆ ಕೂತು, ಹುಡುಗಿಯನ್ನು ಮಂಡಿಗಳ ನಡುವೆ ಕೂರಿಸಿಕೊಂಡು, ಎಣ್ಣೆ ಹಚ್ಚಿ ಜಡೆ ಹಾಕಿಬಿಡುತ್ತಿದ್ದಳು. ಕೂಸು ನೋಡಿಕೊಳ್ಳಬೇಕು ಎಂದರೆ ಕೂಸನ್ನೇ ಸೊಂಟಕ್ಕೆ ಏರಿಸಿಕೊಳ್ಳುತ್ತಿದ್ದಳು. ರಾಗಿ ಬೀಸುವುದು ಬಾಕಿ ಎಂದರೆ ತಾನೇ ಕಲ್ಲಿನ ಮುಂದೆ ಕೂತು ನಾಲ್ಕು ಹಿಡಿ ಬೀಸಿ ಏಳುತ್ತಿದ್ದಳು. ಬೈಸಿಕೊಳ್ಳುತ್ತಿದ್ದುದೂ ಉಂಟು. ಒಬ್ಬಳ ಅಜ್ಜಿ, ಓದಿಸಿ ನಮ್ಮ ಹುಡುಗಿಯನ್ನೇನು ಅಮಲ್ದಾರಳನ್ನು ಮಾಡುತ್ತೀಯ ಎಂದು ದಿನವೂ ಕೇಳುತ್ತಿದ್ದಳಂತೆ. ಇಸ್ಕೂಲವ್ವ ದಿನವೂ ಒಂದೇ ಉತ್ತರ ಕೊಡುತ್ತಿದ್ದಳು. ಅಮಲ್ದಾರಳಾದರೆ ನಿನ್ನ ಕಂದಾಯ ಮಾಫಿ ಮಾಡುತ್ತಾಳೆ, ಕಳಿಸು.

ಶಾಲೆಯಲ್ಲಿ ಹಾಜರಿ ಎರಡು ಸಲ. ಬೆಳಿಗ್ಗೆ ಬಂದವಳ ಹೆಸರಿನ ಮುಂದೆ ಒಂದು ಓರೆಗೆರೆ, ಮಧ್ಯಾಹ್ನ ಊಟ ಮಾಡಿ ಮರಳಿದರೆ ಅದರ ಮೇಲೆ ಅಡ್ಡಗೆರೆ. ನಮ್ಮ ಶಾಲೆಯಲ್ಲಿ ಓರೆಗೆರೆಗಳು ಬಹಳ, ಅಡ್ಡಗೆರೆಗಳು ಕಡಿಮೆ. ಊಟಕ್ಕೆ ಹೋದ ಹುಡುಗಿಯರನ್ನು ಮನೆಗೆಲಸ ಹಿಡಿದುಕೊಳ್ಳುತ್ತಿತ್ತು. ಇಸ್ಕೂಲವ್ವ ಮಧ್ಯಾಹ್ನವೂ ಒಂದು ಸುತ್ತು ಹೋಗುತ್ತಿದ್ದಳು. ಆ ಬಿಸಿಲಿನಲ್ಲಿ ಒಬ್ಬಳಿಂದ ಎಷ್ಟಾಗುತ್ತದೆ… ತಿಂಗಳ ಕೊನೆಗೆ ಸರಾಸರಿ ತೆಗೆದು ಚಾಮರಾಜನಗರದ ಇನ್ಸ್‌ಪೆಕ್ಟರ ಕಚೇರಿಗೆ ಲೆಕ್ಕದ ತಖ್ತೆ ಕಳಿಸಬೇಕು. ಅಲ್ಲಿ ಶಾಲೆ ಎಂದರೆ ಆ ಸರಾಸರಿಯೇ.

ಒಂದು ವರ್ಷ ಸುದ್ದಿ ಹಬ್ಬಿತು. ಸರಾಸರಿ ಕಡಿಮೆಯಿರುವ ಹೆಣ್ಣುಮಕ್ಕಳ ಶಾಲೆಗಳನ್ನು ಗಂಡುಮಕ್ಕಳ ಶಾಲೆಗೆ ಸೇರಿಸುತ್ತಾರೆ ಎಂದು. ನಮ್ಮೂರಿನ ಗಂಡುಮಕ್ಕಳ ಶಾಲೆ ಹೆದ್ದಾರಿಯ ಆಚೆ, ಲಾರಿಗಳು ನಿಲ್ಲುವ ಹೋಟೆಲಿನ ಪಕ್ಕದಲ್ಲಿತ್ತು. ಅಲ್ಲಿಗೆ ಸೇರಿಸಿದರೆ ಒಬ್ಬ ಹುಡುಗಿಯೂ ಹೋಗುವುದಿಲ್ಲವೆಂದು ನಮಗೆ ಗೊತ್ತಿತ್ತು. ದೊಡ್ಡ ಅಮ್ಮಾವ್ರು ಸುಳ್ಳು ಹೇಳುವ ಹೆಂಗಸಲ್ಲ. ಆದರೆ ಆ ತಿಂಗಳಿಂದ ಬೆಳಿಗ್ಗೆ ಬಂದ ಪ್ರತಿ ಹುಡುಗಿಗೂ ಮಧ್ಯಾಹ್ನದ ಅಡ್ಡಗೆರೆ ತಾವೇ ಎಳೆದರು. ಬಂದವಳು ಬಂದವಳೇ ಅಲ್ಲವೇ, ಅರ್ಧ ದಿನದ ಮಾತು ಯಾಕೆ ಎಂದರು. ಸರಾಸರಿ ಏರಿತು. ನಾವು ನೆಮ್ಮದಿಯಿಂದ ಉಸಿರುಬಿಟ್ಟೆವು.

ಮೂರು ನಾಲ್ಕು ತಿಂಗಳಾದ ಮೇಲೆ ಚಾಮರಾಜನಗರದಿಂದ ಕಾಗದ ಬಂತು. ಶಾಲೆಯ ಹಾಜರಿ ತೃಪ್ತಿಕರ. ಕರೆಯುವ ಹೆಂಗಸನ್ನು ಕೊಡುವುದು ಹಾಜರಿ ಕಡಿಮೆಯಿರುವ ಶಾಲೆಗಳಿಗೆ ಮಾತ್ರ. ಆದ್ದರಿಂದ ಮುಂದಿನ ತಿಂಗಳಿಂದ ಆ ಕೆಲಸ ರದ್ದು.

ದೊಡ್ಡ ಅಮ್ಮಾವ್ರು ಅದನ್ನು ಮೂರು ಸಲ ಓದಿಕೊಂಡರು. ಆಮೇಲೆ ಇಸ್ಕೂಲವ್ವನನ್ನು ಒಳಗೆ ಕರೆದು, ನಿಧಾನವಾಗಿ ತಿಳಿಸಿ ಹೇಳಿದರು. ಆಕೆ ಗೋಡೆಗೆ ಒರಗಿ ನಿಂತು ಪೂರ್ತಿ ಕೇಳಿದಳು.

"ನಾ ಕರುದ್ರೆ ತಾನೆ ಅಮ್ಮಾವ್ರೆ, ಅವು ಬತ್ತಿದ್ದುದು?"

"ಹೌದು."

"ಅಂಗಾದ್ರೆ ವಸಿ ಕಮ್ಮಿ ಬರ್ದು ಕಳ್ಸಿ."

"ಕಮ್ಮಿ ಬರೆದ್ರೆ ಸ್ಕೂಲನ್ನೇ ತೆಗೀತಾರೆ ಕಣವ್ವ."

ಇಸ್ಕೂಲವ್ವ, ಈ ನ್ಯಾಯ ಮಾಡಿದವರು ಯಾವ ಊರಿನವರು ಎಂದು ಕೇಳಿದಳು. ತಮಾಷೆಗೆ ಕೇಳಿದಳೋ ನಿಜವಾಗಿಯೂ ಕೇಳಿದಳೋ ನನಗೆ ತಿಳಿಯಲಿಲ್ಲ. ತಿಂಗಳು ಮುಗಿಯುವವರೆಗೆ ಆಕೆ ಎಂದಿನಂತೆಯೇ ಬೀದಿ ಸುತ್ತಿದಳು. ಮುಗಿದ ಮರುದಿನ ಬರಲಿಲ್ಲ.

ಹುಡುಗಿಯರು ಒಂದೇ ಸಲ ನಿಲ್ಲಲಿಲ್ಲ. ಮೊದಲ ವಾರ ಅಭ್ಯಾಸಬಲದಿಂದ ಬಂದರು. ಆಮೇಲೆ ಹಿಪ್ಪುನೇರಳೆ ಸೊಪ್ಪು ಬಿಡಿಸುವ ಮನೆಯವರು ನಿಂತರು. ಕಡಲೆಕಾಯಿ ಕೀಳುವ ಕಾಲ ಬಂದಾಗ ಇನ್ನಷ್ಟು ಜನ ನಿಂತರು. ನಾನು ಕೆಲವು ದಿನ ಬೆಳಿಗ್ಗೆ ಬೀದಿಗೆ ಹೋದೆ. ಟೀಚರಮ್ಮ ಬಂದರೆಂದು ಚಾಪೆ ಹಾಸಿದರು, ಕಾಫಿ ಕೊಟ್ಟರು, ನಾಳೆ ಖಂಡಿತ ಕಳಿಸುತ್ತೇವೆಂದು ಕೈಮುಗಿದರು. ಹುಡುಗಿಯರು ಮಾತ್ರ ಬರಲಿಲ್ಲ. ಮರ್ಯಾದೆ ಕೊಡಬೇಕಾದವರ ಮಾತಿಗೆ ಒಪ್ಪಿಕೊಂಡು ಅವರನ್ನು ಸಾಗಹಾಕುವುದು ಸುಲಭ. ಇಸ್ಕೂಲವ್ವ ಬೈಸಿಕೊಂಡರೂ ಜಗಲಿಯಿಂದ ಏಳುತ್ತಿರಲಿಲ್ಲ. ನಾನು ಕಾಫಿ ಕುಡಿದು ಎದ್ದು ಬರುತ್ತಿದ್ದೆ.

ಚಾಮರಾಜನಗರಕ್ಕೆ ಹೋಗುವ ತಖ್ತೆಯಲ್ಲಿ ಮಾತ್ರ, ಬಾರದವರ ಹೆಸರಿಗೂ ಗೆರೆ ಬಿದ್ದು, ಸರಾಸರಿ ಮೊದಲಿನ ಹಾಗೇ ಇತ್ತು. ಅದನ್ನು ಇಳಿಸುವ ದಾರಿ ದೊಡ್ಡ ಅಮ್ಮಾವ್ರಿಗೆ ಕಾಣಲಿಲ್ಲ. ಇಳಿಸಿದರೆ ಶಾಲೆ ಹೋಗುತ್ತದೆ. ಒಂದು ವೇಳೆ ಇಸ್ಕೂಲವ್ವನನ್ನು ಮತ್ತೆ ಕೊಟ್ಟರೆ? ಎಂದು ನಾನು ಕೇಳಿದೆ. ಕೊಡುವ ಮೊದಲು ಮುಚ್ಚುತ್ತಾರೆ ಎಂದರು. ಅವರು ಹೇಳಿದ್ದು ಸರಿಯೋ ತಪ್ಪೋ, ಪರೀಕ್ಷಿಸಿ ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಒಂದು ಸಂಜೆ ಗುಂಡ್ಲುಪೇಟೆಯಿಂದ ಬಂದ ಬಸ್ಸಿನ ಕಂಡಕ್ಟರು, ಇನ್ಸ್‌ಪೆಕ್ಟರು ಅಲ್ಲಿನ ಮುಸಾಫಿರಖಾನೆಯಲ್ಲಿ ಇಳಿದುಕೊಂಡಿದ್ದಾರೆ, ಬೆಳಿಗ್ಗೆ ನಿಮ್ಮಲ್ಲಿಗೇ ಎಂದು ಹೇಳಿಹೋದ. ದೊಡ್ಡ ಅಮ್ಮಾವ್ರು ಸೆರಗು ಹೊದ್ದುಕೊಂಡು ಹೊರಟೇಬಿಟ್ಟರು. ನಾನು ಹಿಂದೆ ಹೋದೆ. ಊರಾಚೆಯ ಹೊಲದಲ್ಲಿ ಹೆಂಗಸರು ಸಾಲಾಗಿ ಕೂತು ಕಡಲೆಕಾಯಿ ಗಿಡ ಕೀಳುತ್ತಿದ್ದರು. ಇಸ್ಕೂಲವ್ವ ಅವರಲ್ಲಿ ಒಬ್ಬಳು. ಪಕ್ಕದಲ್ಲಿದ್ದವಳು ನಮ್ಮನ್ನು ನೋಡಿ, "ಏನ್ ಇಸ್ಕೂಲವ್ವ, ಸರ್ಕಾರ್ದವ್ರು ಒಲ್ಕೇ ಬಂದವ್ರಲ್ಲ, ಕುರ್ಚಿ ತರ್ಸನಾ?" ಎಂದಳು. ಸಾಲೆಲ್ಲ ನಕ್ಕಿತು. ಇಸ್ಕೂಲವ್ವ ನಗಲಿಲ್ಲ, ಏಳಲೂ ಇಲ್ಲ.

ದೊಡ್ಡ ಅಮ್ಮಾವ್ರು ನಿಂತೇ ವಿಷಯ ಹೇಳಿದರು. ನಾಳೆ ಒಂದು ದಿನ ಹುಡುಗಿಯರನ್ನು ಕರೆದುಕೊಂಡು ಬಾ ಎಂದರು. ಆಕೆ ಗಿಡದ ಮಣ್ಣು ಕೊಡವುತ್ತಲೇ ಕೇಳಿದಳು.

"ನಾ ಕರ್ಕಂಡ್ ಬಂದ್ರೆ ಇನ್ಸ್‌ಪೆಟ್ರು ಏನಂತ ಬರ್ಕತರೆ?"

"ಯಾರೂ ಕರೀದೇನೇ ಮಕ್ಕಳು ಬರ್ತಾರೆ ಅಂತ."

"ಕರ್ಕಂಡ್ ಬರ್ನಿಲ್ಲ ಅಂದ್ರೆ?"

"ಶಾಲೆ ತೆಗೀತಾರೆ."

"ಅಂದ್ರೆ ಎಂಗ್ ಮಾಡುದ್ರೂವೆ ನನ್ ಕೆಲ್ಸ ಇಲ್ಲ."

ದೊಡ್ಡ ಅಮ್ಮಾವ್ರು, ಇಲ್ಲ ಎಂದರು. ಅಷ್ಟು ಹೊತ್ತು ಆಡದ ಸುಳ್ಳನ್ನು ಆಗಲೂ ಆಡಲಿಲ್ಲ. ಇಸ್ಕೂಲವ್ವ ಮುಂದಿನ ಗಿಡಕ್ಕೆ ಕೈಹಾಕಿದಳು. "ಓಗಿ ಅಮ್ಮಾವ್ರೆ, ಹೊತ್ತಾಯ್ತದೆ" ಎಂದಳು. ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ.

ಬೆಳಿಗ್ಗೆ ನಾನು ಶಾಲೆಯ ಮೆಟ್ಟಿಲ ಮೇಲೆ ನಿಂತಿದ್ದೆ. ಬೀದಿ ಖಾಲಿ. ಒಂದು ಎತ್ತಿನ ಗಾಡಿ ಹೋಯಿತು. ಬೇಲಿಯ ಮೇಲೆ ಯಾರೋ ಸೀರೆ ಒಣಹಾಕುತ್ತಿದ್ದರು. ಗಂಟೆ ಹೊಡೆಯುವ ಹೊತ್ತಾದರೂ ದೊಡ್ಡ ಅಮ್ಮಾವ್ರು ಹೊಡೆಯಲಿಲ್ಲ, ಒಳಗೇ ಕೂತಿದ್ದರು. ಆಮೇಲೆ ಮೇಲಿನ ಬೀದಿಯ ತಿರುವಿನಲ್ಲಿ ಇಬ್ಬರು ಹುಡುಗಿಯರು ಕಂಡರು. ಅವರ ಹಿಂದೆ ಮತ್ತೆ ಮೂವರು. ಒಬ್ಬಳ ಜಡೆ ಅರ್ಧ ಹೆಣೆದಿತ್ತು, ಇನ್ನೊಬ್ಬಳ ಕೈಯಲ್ಲಿ ರೊಟ್ಟಿಯ ಚೂರು. ಹಾಗೆ ತಂಡತಂಡವಾಗಿ ಬರುತ್ತಲೇ ಇದ್ದರು. ಕೊನೆಯಲ್ಲಿ ಇಸ್ಕೂಲವ್ವ, ಎಡಗಡೆಗೊಂದು ಬಲಗಡೆಗೊಂದು ಕೂಸು ಎತ್ತಿಕೊಂಡು. ಹೊಲದ ಕೂಲಿ ಬಿಟ್ಟು ಬಂದಿದ್ದಳು. ಮೆಟ್ಟಿಲು ಹತ್ತಲಿಲ್ಲ. ಕೂಸುಗಳ ಜೊತೆ ಬೇಲಿಯ ಹೊರಗೆ ಹುಣಸೆಮರದ ಕೆಳಗೆ ನಿಂತಳು. ಅಕ್ಕಂದಿರು ಒಳಗೆ ಕೂರಬೇಕಾದರೆ ತಮ್ಮತಂಗಿಯರು ಹೊರಗಿರಬೇಕಲ್ಲ.

ಇನ್ಸ್‌ಪೆಕ್ಟರು ಬಸ್ಸಿಳಿದು ಬಂದರು. ವಯಸ್ಸಾದವರು. ಧೂಳು ತುಂಬಿದ ಬೂಟು, ಬಹಳ ಊರು ಸುತ್ತಿದ ಮುಖ. ತಲೆ ಎಣಿಸಿದರು, ಪುಸ್ತಕಕ್ಕೆ ಹೋಲಿಸಿದರು. ಇಬ್ಬರು ಮೂವರಿಂದ ಪಾಠ ಓದಿಸಿದರು. ಹುಡುಗಿಯರು ತಡವರಿಸಿದರೂ ಓದಿದರು. ಇನ್ಸ್‌ಪೆಕ್ಟರಿಗೆ ಅನುಮಾನ ಬಂದಿರಲಾರದು. ಬಂದಿದ್ದರೂ ಮುಂದಿನ ಬಸ್ಸು ಹಿಡಿಯಬೇಕಾಗಿತ್ತು. ಹೊರಡುವಾಗ ಕಿಟಕಿಯಿಂದ ನೋಡಿ, ಮರದ ಕೆಳಗಿರುವ ಆ ಹೆಂಗಸು ಯಾರು ಎಂದು ಕೇಳಿದರು.

ಕಿಟಕಿ ತೆರೆದಿತ್ತು. ಮರ ಹತ್ತಿರವೇ ಇತ್ತು.

"ಯಾರೋ ಮಕ್ಕಳ ಕಡೆಯವರು, ಸಾರ್" ಎಂದರು ದೊಡ್ಡ ಅಮ್ಮಾವ್ರು.

ಇಸ್ಕೂಲವ್ವ ಈ ಕಡೆ ತಿರುಗಲಿಲ್ಲ. ಒಂದು ಕೂಸನ್ನು ಕೆಳಗಿಳಿಸಿ, ಇನ್ನೊಂದನ್ನು ಆ ಸೊಂಟದಿಂದ ಈ ಸೊಂಟಕ್ಕೆ ಬದಲಿಸಿಕೊಂಡಳು. ಅಷ್ಟೇ ನಾನು ಕಂಡದ್ದು.

ಹಾಜರಿ ಚೆನ್ನಾಗಿದೆ, ಕರೆಯುವ ಹೆಂಗಸನ್ನು ತೆಗೆದದ್ದರಿಂದ ತೊಂದರೆಯೇನೂ ಆಗಿಲ್ಲ ಎಂದು ಇನ್ಸ್‌ಪೆಕ್ಟರು ತಪಾಸಣೆ ಪುಸ್ತಕದಲ್ಲಿ ಬರೆದು ರುಜು ಹಾಕಿದರು. ಅವರ ಮಟ್ಟಿಗೆ ಅದು ನಿಜ. ಅವರು ಎಣಿಸಿದ ತಲೆಗಳೂ ನಿಜ. ಶಾಲೆ ಉಳಿಯಿತು. ಮಧ್ಯಾಹ್ನ ದೊಡ್ಡ ಅಮ್ಮಾವ್ರು ಹೊರಗೆ ಹೋಗಿ ಆಕೆಗೆ ಏನೋ ಹೇಳಲು ನೋಡಿದರು. ಆಕೆ ಅಷ್ಟರಲ್ಲಿ ಕೂಸುಗಳನ್ನು ಅವುಗಳ ಮನೆಗೆ ಮುಟ್ಟಿಸಿ ಹೊಲಕ್ಕೆ ಹೊರಟುಹೋಗಿದ್ದಳು.

ಮರುದಿನ ಮತ್ತೆ ಬೀದಿ ಖಾಲಿಯಾಯಿತು. ಆಮೇಲೆ ಆ ಶಾಲೆಯಲ್ಲಿ ನಾನು ಹೆಚ್ಚು ಕಾಲ ಇರಲಿಲ್ಲ…

ಬಹಳ ವರ್ಷಗಳ ಮೇಲೆ, ಯಾವುದೋ ಮದುವೆಗೆಂದು ಹೋದಾಗ, ಚಾಮರಾಜನಗರದ ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬ ಹೆಂಗಸು ನನ್ನ ಗುರುತು ಹಿಡಿದಳು. ತಲೆ ಅರ್ಧ ನರೆತಿತ್ತು, ಪಕ್ಕದಲ್ಲಿ ಅರಿಸಿನದ ಮೂಟೆ. ನಮ್ಮ ಶಾಲೆಯ ಹುಡುಗಿ. ದೊಡ್ಡ ಅಮ್ಮಾವ್ರು ತೀರಿಕೊಂಡದ್ದು ಇಬ್ಬರಿಗೂ ಗೊತ್ತಿತ್ತು. ನಾನು ಇಸ್ಕೂಲವ್ವನ ಬಗ್ಗೆ ಕೇಳಿದೆ.

"ಅಯ್ಯೋ, ಅವ್ವ ಓಗಿ ಬಾಳ ದಿನ ಆಯ್ತಲ್ಲ ಅಮ್ಮಾವ್ರೆ."

ಯಾವಾಗ, ಹೇಗೆ ಎಂಬುದು ಅವಳಿಗೆ ಸರಿಯಾಗಿ ತಿಳಿದಿರಲಿಲ್ಲ. ಕೊನೆಯವರೆಗೂ ಕೂಲಿಗೆ ಹೋಗುತ್ತಿದ್ದಳೆಂದು ಮಾತ್ರ ಕೇಳಿದ್ದಳು. ಮಾತು ಬದಲಿಸಬೇಕೆಂದು, ನೀನು ಎಷ್ಟರವರೆಗೆ ಓದಿದೆ ಎಂದು ಕೇಳಿದೆ. ಅವಳು ಮೂಟೆಯ ಬಾಯಿಯ ದಾರ ಬಿಗಿಮಾಡುತ್ತ, ದೂರೇನೂ ಇಲ್ಲದ ದನಿಯಲ್ಲಿ ಹೇಳಿದಳು.

"ಮೂರ್ನೇ ಕಿಲಾಸು. ಆಮೇಕೆ ಯಾರೂ ಕರಿಯಾಕೆ ಬರ್ನಿಲ್ಲ."

ರೈಲು ಬಂತು. ಮೂಟೆ ಹತ್ತಿಸಲು ಕೈ ಜೋಡಿಸಿದೆ.

ಆ ಶಾಲೆ ಈಗಲೂ ಇದೆಯೆಂದು ಕೇಳಿದ್ದೇನೆ, ಕಂಡಿಲ್ಲ. ಹೊಸ ಕಟ್ಟಡವಂತೆ. ಅದು ಯಾರಿಂದ ಉಳಿಯಿತು, ಉಳಿಸಿದವಳಿಗೆ ಏನು ಉಳಿಯಿತು ಎಂದು ಬಲ್ಲವರು ನಾವು ಮೂವರಿದ್ದೆವು. ಈಗ ನಾನೊಬ್ಬಳು. ಬರೆದಿಟ್ಟರೆ ಆಕೆಗೆ ಏನೂ ಸಿಗುವುದಿಲ್ಲ, ಗೊತ್ತು. ಸುಸ್ತೂ ಆಗಿದೆ. ಆದರೂ ಬರೆದೆ. ಆ ದಿನ ಮರದ ಕೆಳಗೆ ನಿಂತಿದ್ದಾಕೆ ಮಕ್ಕಳ ಕಡೆಯವರು ಎಂದು ದೊಡ್ಡ ಅಮ್ಮಾವ್ರು ಹೇಳಿದ ಮಾತು, ನೋಡಿದರೆ, ಸುಳ್ಳಾಗಿರಲಿಲ್ಲ.