ಪ್ಲಾಸ್ಟಿಕ್ಕಿಗೆ ಅಂಟಿದ ಕಾಡು

ಹೋದ ತಿಂಗಳು ಗುಬ್ಬಿ ಬಸ್‌ಸ್ಟ್ಯಾಂಡಿನ ಗೋಡೆಗೆ ಯಾರೋ ಪೋಸ್ಟರ್ ಅಂಟಿಸುತ್ತಿದ್ದರು. ಬಕೆಟ್ಟಿನಲ್ಲಿ ಆಗತಾನೆ ಕಾಯಿಸಿದ ಮೈದಾ ಅಂಟು. ಆ ಬೆಂದ ಹಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ನನಗೆ ಸಿಟ್ಟು ಬಂತು. ಮೊದಲು ಸಿಟ್ಟು, ಆಮೇಲೆ ತಮ್ಮನ ನೆನಪು. ನನಗೆ ಯಾವಾಗಲೂ ಹೀಗೇ…

ತಮ್ಮ ತುಮಕೂರಿನ ಒಂದು ಆರ್ಟ್ ಗ್ಯಾಲರಿಯಲ್ಲಿ ಹಳೆಯ ಚಿತ್ರಗಳನ್ನು, ಹಳೆಯ ಕಾಗದಗಳನ್ನು ಸರಿಪಡಿಸುವ ಕೆಲಸದಲ್ಲಿದ್ದ. ಹಿಟ್ಟಿನ ಅಂಟನ್ನು ತಾನೇ ಕಾಯಿಸಿ, ಸೋಸಿ, ಈರುಳ್ಳಿ ಸಿಪ್ಪೆಯಂಥ ಕಾಗದದಿಂದ ಹರುಕಿಗೆ ತೇಪೆ ಹಾಕುತ್ತಿದ್ದ. ಅದನ್ನು 'ರಿಪೇರಿ' ಅಂದರೆ ಅವನಿಗೆ ಆಗುತ್ತಿರಲಿಲ್ಲ, 'ಸಂರಕ್ಷಣೆ' ಅನ್ನಬೇಕಿತ್ತು. ನಾನು ಬೇಕೆಂದೇ ರಿಪೇರಿ ಅನ್ನುತ್ತಿದ್ದೆ.

ನನ್ನದು ಗುಬ್ಬಿ ತಾಲ್ಲೂಕು ಆಫೀಸಿನ ಎದುರು ಜೆರಾಕ್ಸ್ ಮತ್ತು ಲ್ಯಾಮಿನೇಷನ್ ಅಂಗಡಿ. ನಮ್ಮ ಕಡೆಯವರಿಗೆ ಒಂದು ಕಾಗದ ಮುಖ್ಯ ಅನ್ನಿಸಿದರೆ ಸಾಕು, ಅದಕ್ಕೆ ಪ್ಲಾಸ್ಟಿಕ್ ಹಾಕಿಸಿಬಿಡುತ್ತಾರೆ. ಮಾರ್ಕ್ಸ್ ಕಾರ್ಡು, ಜಾತಕ, ತೀರಿಕೊಂಡ ಅಜ್ಜಿಯ ಫೋಟೊ ಎಲ್ಲ ಹಿಡಿದುಕೊಂಡು ಹಾಗಲವಾಡಿಯಿಂದಲೂ ಬಸ್ಸು ಹತ್ತಿ ಬರುತ್ತಾರೆ. ತಮ್ಮನ ಕಣ್ಣಿಗೆ ಇದು ಪಾಪದ ಕೆಲಸ. ಅಂಗಡಿಗೆ ಬಂದರೆ ಗಿರಾಕಿಗಳ ಎದುರೇ ಶುರು ಮಾಡುತ್ತಿದ್ದ.

"ನಮ್ಮಕ್ಕ ಕಾಗದಕ್ಕೆ ಸಮಾಧಿ ಕಟ್ತಾಳೆ ಕಣ್ರೀ. ಬಿಸಿಬಿಸಿ ಸಮಾಧಿ."

"ನೀನು ತಿಂಗಳುಗಟ್ಲೆ ಕೂತ್ಕೊಂಡು ಒಂದು ಹಾಳೆ ತಿಕ್ಕೋಗು," ಅನ್ನುತ್ತಿದ್ದೆ ನಾನು.

ಗಿರಾಕಿಗಳು ನಗುತ್ತಿದ್ದರು. ನಾವಿಬ್ಬರೂ ನಗುತ್ತಿರಲಿಲ್ಲ.

ಅಪ್ಪ ಸತ್ತ ವರ್ಷ ನನ್ನನ್ನು ಏಳನೇ ಕ್ಲಾಸಿಗೇ ಸ್ಕೂಲು ಬಿಡಿಸಿದರು. ಅವನು ಓದಿದ. ಆ ಹೊಟ್ಟೆಯುರಿ ನನಗೆ ಕೊನೆಯವರೆಗೂ ಆರಲಿಲ್ಲ.

ಅಪ್ಪ ನಾಟಕದ ಪರದೆ ಬರೆಯುತ್ತಿದ್ದರು. ಬಟ್ಟೆಯ ಪರದೆಗಳೆಲ್ಲ ಹಾಳಾಗಿ ಹೋದವು. ಉಳಿದದ್ದು ಒಂದು ಕಾಗದ ಮಾತ್ರ: ಕಾಡಿನ ಪರದೆಗೆ ಮೊದಲು ಚಿಕ್ಕದಾಗಿ ಬಣ್ಣದಲ್ಲಿ ಬರೆದುಕೊಂಡ ನಮೂನೆ. ಅದನ್ನು ಯಾವ ಕಾಲದಲ್ಲೋ ಟ್ರಂಕಿನ ಮುಚ್ಚಳದ ಒಳಗಡೆ ಅಂಟಿಸಿದ್ದರು. ನನ್ನ ತಮ್ಮ ಆ ಟ್ರಂಕನ್ನೇ ಗ್ಯಾಲರಿಗೆ ಒಯ್ದು, ದಿನಾ ಸ್ವಲ್ಪ ಸ್ವಲ್ಪವೇ ತೇವ ಮಾಡಿ, ತಗಡಿನಿಂದ ಕಾಗದವನ್ನು ಬಿಡಿಸಿದ. ಅಪ್ಪನ ಹೆಸರು ಬರೆದು ಅದನ್ನು ಗ್ಯಾಲರಿಯ ಗೋಡೆಗೆ ಹಾಕುವುದೆಂದು ತೀರ್ಮಾನವಾಯಿತು. ಅದಕ್ಕೆ ಮೊದಲು ಅಮ್ಮನಿಗೆ ತೋರಿಸಬೇಕೆಂದು ನನ್ನ ಅಂಗಡಿಗೆ ತಂದ. ಅಮ್ಮ ಕುಣಿಗಲ್ ಕಡೆ ಕೊತ್ತಗೆರೆಯಲ್ಲಿ, ನಮ್ಮ ಸೋದರಮಾವನ ಮನೆಯಲ್ಲಿದ್ದಳು.

"ಅಮ್ಮನ್ನ ಕರ್ಕೊಂಡು ಬರ್ತೀನಿ, ಅಲ್ಲೀಗಂಟ ಇದಿಲ್ಲೇ ಇರ್ಲಿ," ಅಂದ. ನಾನು ನೋಡೋಣವೆಂದು ಕೈ ಚಾಚಿದೆ.

"ಮುಟ್ಬೇಡ ಕಣಕ್ಕ! ಬೋಂಡ ತಿಂದ ಕೈಯದು. ನಿಂಗಿದೆಲ್ಲ ತಿಳಿಯಲ್ಲ, ಬುಡು."

ಗಿರಾಕಿಗಳು ನಿಂತಿದ್ದರು. ಈ ಸಲ ಯಾರೂ ನಗಲಿಲ್ಲ, ನನ್ನ ಕೈ ನೋಡಿದರು. ಆ ಕಾಡು ಬರೆದವರು ನನಗೂ ಅಪ್ಪನೇ ಅಲ್ಲವೇ…

ಅವನು ಹೋದ ಮೇಲೆ ನಾನು ಕೈ ತೊಳೆದುಕೊಂಡೆ, ಸೋಪು ಹಾಕಿಯೇ. ಮೆಷಿನ್ ಕಾದಿತ್ತು. ಕಾಗದಕ್ಕೆ ನಾವು ಏನೇ ಮಾಡಿದರೂ ನಾಳೆ ಇನ್ನೊಬ್ಬರು ಅದನ್ನು ಬಿಡಿಸುವ ಹಾಗಿರಬೇಕು, ಲ್ಯಾಮಿನೇಷನ್ ಮಾಡಿದರೆ ಬಿಡಿಸಲಾಗುವುದಿಲ್ಲ ಅಂತ ತಮ್ಮ ಎಷ್ಟೋ ಸಲ ಹೇಳಿದ್ದ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಅಪ್ಪನ ಕಾಡನ್ನು ಪ್ಲಾಸ್ಟಿಕ್ಕಿನೊಳಗಿಟ್ಟು ಮೆಷಿನ್ನಿಗೆ ಕೊಟ್ಟೆ. ಆಚೆ ಬರುವಾಗ ಹಸಿರು ಕಪ್ಪಗಾಗಿತ್ತು, ಮರಗಳ ಮೇಲೆ ಗುಳ್ಳೆ ಎದ್ದಿದ್ದವು. ನನಗೆ ಖುಷಿಯಾಯಿತು. ಬೇರೆ ಏನು ಮರೆತರೂ ಆ ಖುಷಿಯನ್ನು ಮರೆಯಲಾಗಿಲ್ಲ.

ಸಂಜೆ ಅಮ್ಮನನ್ನು ಕರೆದುಕೊಂಡು ಬಂದ. ನೋಡಿದ. ಅಂಗಡಿ ನಡುಗುವ ಹಾಗೆ ಕೂಗಿದ.

"ಬೇಕಂತ ಮಾಡಿದೀಯ ನೀನು! ಗೊತ್ತಿದ್ದೂ ಮಾಡಿದೀಯ!"

ಅವನು ಹೇಳಿದ್ದು ನಿಜ. ನಾನು ಅಮ್ಮನ ಕಡೆ ತಿರುಗಿ ಅತ್ತೆ.

"ಏಳ್ನೇ ಕ್ಲಾಸು ಓದ್ದೋಳು, ನಂಗೇನ್ ಗೊತ್ತಮ್ಮ? ಹಾಳಾಗ್ದೆ ಇರ್ಲಿ ಅಂತ ಹಾಕ್ದೆ."

ಹೊಟ್ಟೆಯುರಿಯಿಂದ ಮಾಡಿದ್ದಕ್ಕೆ ನನ್ನ ಓದಿಲ್ಲದ ಬಾಳನ್ನೇ ಅಡ್ಡ ಹಿಡಿದೆ. ಅಮ್ಮ ಅವನ ಮೇಲೆ ಬಿದ್ದಳು.

"ಓದಿದ್ದು ಜಾಸ್ತಿ ಆಯ್ತೇನ್ಲಾ ನಿಂಗೆ? ನೀನು ಓದ್ಲಿ ಅಂತ ಇಸ್ಕೂಲ್ ಬುಟ್ಟೋಳು ಕಣೋ ಅವ್ಳು. ತಪ್ಪಾಯ್ತು ಅನ್ನು. ಅನ್ನು ಅಂದೆ!"

ಅವನು ನನ್ನನ್ನು ನೋಡಿದ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು.

"ತಪ್ಪಾಯ್ತು ಕಣಕ್ಕ," ಅಂದ.

"ಹೋಗ್ಲಿ ಬುಡು," ಅಂದೆ, ದೊಡ್ಡ ಮನಸ್ಸು ಮಾಡಿದವಳ ಹಾಗೆ.

ಚಿತ್ರ ಹಾಳು ಮಾಡಿದ್ದಕ್ಕಿಂತ ಆ ಎರಡು ಮಾತು ನನ್ನನ್ನು ಹೆಚ್ಚು ಸುಡುತ್ತದೆ. ಆ ಹಾಳೆ ಎತ್ತಿಕೊಂಡು ಹೋದವನು ಮತ್ತೆ ಅಂಗಡಿಗೆ ಬರಲಿಲ್ಲ. ನೆಂಟರ ಬಾಯಲ್ಲಿ ಅವನು ಓದಿ ಕೊಬ್ಬಿದವನಾದ, ನಾನು ಪಾಪದವಳಾದೆ. ಅಮ್ಮ ಕೂಡ, "ನಿನ್ನ ತಮ್ಮ ಮುಂಗೋಪಿ ಕಣೇ, ಸುಮ್ಸುಮ್ನೆ ಎಗರ್ತಾನೆ," ಅನ್ನುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ. ಕೆಲವು ವರ್ಷಗಳ ಮೇಲೆ ಅವನಿಗೆ ಡೆಂಗಿ ಬಂತು. ತುಮಕೂರಿನ ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕೂತಿದ್ದೆ. ಎಚ್ಚರವಿದ್ದಾಗ ಅವನು ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದ. ನಾಳೆ ಹೇಳೋಣ ಅಂದುಕೊಂಡೆ… ಆ ನಾಳೆ ಬರುವ ಮೊದಲೇ ಹೋಗಿಬಿಟ್ಟ.

ಪೋಸ್ಟರಿನ ಅಂಟು ಮೂಗಿಗೆ ಬಡಿದ ದಿನ ಅಂಗಡಿ ಬಾಗಿಲು ಎಳೆದು ತುಮಕೂರಿಗೆ ಹೋದೆ. ಗ್ಯಾಲರಿಯಲ್ಲಿ ಅವನ ಕೈಕೆಳಗೆ ಕೆಲಸ ಕಲಿತ ಹುಡುಗಿಯೊಬ್ಬಳು ಈಗ ಅವನ ಜಾಗದಲ್ಲಿದ್ದಾಳೆ. ಆ ಹಾಳೆಯನ್ನು ತೋರಿಸಿದಳು. ತಮ್ಮ ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಬಿಡಿಸಿ ನೋಡಿದ್ದ. ಅಷ್ಟಗಲ ಮರಗಳೆಲ್ಲ ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಬಂದಿದ್ದವು, ಕೆಳಗೆ ಬರೀ ಕಾಗದ. ಅಲ್ಲಿಗೇ ನಿಲ್ಲಿಸಿದ್ದ.

"ಇದ್ಯಾರು ಮಾಡಿದ್ದು ಸಾರ್ ಅಂದ್ರೆ ಸಾರ್ ಹೇಳ್ತಾನೇ ಇರ್ಲಿಲ್ಲ ಮೇಡಂ," ಅಂದಳು.

ಅದನ್ನು ನನ್ನ ಬಾಯಿಂದ ಮೊದಲು ಕೇಳಬೇಕಾದವಳು ಅವಳಲ್ಲ, ಅಮ್ಮ. ಕುಣಿಗಲ್ ಬಸ್ಸು ಹತ್ತಿದೆ.

ಅಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಅವಳ ಕೈ ನಿಂತಿತು.

"ಬೇಕಂತಾನಾ?"

"ಹೂಂ."

"ಅವ್ನು ಅದನ್ನೇ ಬಡ್ಕೊಂಡ್ನಲ್ಲೇ."

"ಹೂಂ ಕಣಮ್ಮ."

ಸುಲಿದ ಕಾಳನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಅವ್ನ ಬಾಯಲ್ಲಿ ತಪ್ಪಾಯ್ತು ಅನ್ಸಿದ್ದು ನಾನು… ನಿನ್ ಪಾಪಕ್ಕೆ ನನ್ನೂ ಸೇರಿಸ್ಕೊಂಡ್ಬುಟ್ಯಲ್ಲೇ," ಅಂದಳು. ನಾನು ಅವಳ ಕೈ ಹಿಡಿಯಲು ಹೋದೆ. ಎಳೆದುಕೊಂಡಳು.

"ಏಳು. ಬಸ್ಸು ಹೊಂಟೋಗ್ತದೆ."

ಒಳಗೆ ಸಾರಿಗೆ ಒಗ್ಗರಣೆ ಬಿದ್ದಿತ್ತು. ಆ ಮನೆಯಿಂದ ನಾನು ಊಟ ಮಾಡದೆ ಹೊರಟದ್ದು ಅದೇ ಮೊದಲು.

ತಮ್ಮ ಇಲ್ಲ. ಈಗ ಕೊತ್ತಗೆರೆಗೆ ಫೋನ್ ಮಾಡಿದರೆ ಮಾವ ಎತ್ತುತ್ತಾರೆ. "ನಿನ್ ಮಗಳು, ಕೊಡ್ಲೇನಕ್ಕ?" ಅಂತ ಅಮ್ಮನನ್ನು ಕೇಳುವುದು ನನಗೆ ಕೇಳಿಸುತ್ತದೆ. ಅಮ್ಮ ಏನೂ ಅನ್ನುವುದಿಲ್ಲ. ಸ್ವಲ್ಪ ಹೊತ್ತು ಕಾದು, ಮಾವ ಮಳೆಬೆಳೆಯ ವಿಷಯ ತೆಗೆಯುತ್ತಾರೆ.