ಹೊತ್ತು ಮುಳುಗುವ ಮುಂಚಿನ ಹುಗ್ಗಿ

ಆಗ ಮಸಗುಪ್ಪಿಯಲ್ಲಿ ಹೊತ್ತು ಮುಳುಗಿತೋ ಇಲ್ಲವೋ ಎಂದು ತಿಳಿಯಲು ಗಡಿಯಾರ ಬೇಕಿರಲಿಲ್ಲ. ಪಶ್ಚಿಮಕ್ಕೆ ಕಬ್ಬಿನ ಹೊಲ, ಅದರಾಚೆ ಬರೀ ಆಕಾಶ. ಸೂರ್ಯ ಕಬ್ಬಿನ ಗರಿಗೆ ತಾಗಿದನೆಂದರೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ತಾಟು ಹಾಕಲು ಅವಸರ ಮಾಡುತ್ತಿದ್ದಳು. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಆಯಿ ಉಣ್ಣುತ್ತಿರಲಿಲ್ಲ. ತನ್ನ ಕಣ್ಣೆದುರು ಯಾರಿಗೂ ಉಣ್ಣಗೊಡುತ್ತಿರಲಿಲ್ಲ. ಸೂರ್ಯನನ್ನು ಕಾಯುವ ಕೆಲಸ ನನ್ನದು. ನಮ್ಮ ಗಾಣದ ಮನೆಯ ಹಿಂದೆ ಹಿಂಡಿದ ಕಬ್ಬಿನ ಸಿಪ್ಪೆ ಗುಡ್ಡವಾಗಿ ಬಿದ್ದಿರುತ್ತಿತ್ತು. ಅದನ್ನು ಹತ್ತಿ "ಇನ್ನೂ ಐತಿ, ಆಯಿ" ಎಂದು ಕೂಗಬೇಕು, ಮುಳುಗಿದರೆ "ಹೋತು" ಎನ್ನಬೇಕು.

ಹೀಗೆಂದು ನನ್ನ ನೆನಪು. ಹುಕ್ಕೇರಿಗೆ ಮದುವೆಯಾಗಿ ಹೋದ ಅಕ್ಕ ಇದನ್ನು ಒಪ್ಪುವುದಿಲ್ಲ. "ಗುಡ್ಡಾ ಏರತಿದ್ದಾಕಿ ನಾನು. ನೀ ಕೆಳಗ ನಿಂತು ಜೋನಿಬೆಲ್ಲ ನೆಕ್ಕತಿದ್ದಿ" ಎನ್ನುತ್ತಾಳೆ. ಧಾರವಾಡದಲ್ಲಿ ಇತಿಹಾಸ ಓದಿ, ಎಲ್ಲರ ಮಾತಿಗೂ ಸಾಕ್ಷಿ ಕೇಳುವ ಚಟ ಹಚ್ಚಿಕೊಂಡವನು ನಾನು. ನನ್ನ ಬಾಲ್ಯದ ಮಾತಿಗೆ ಮಾತ್ರ ನನ್ನ ಬಳಿ ಸಾಕ್ಷಿ ಇಲ್ಲ. ಆದರೆ ಜೋನಿಬೆಲ್ಲ ನೆಕ್ಕಿದ್ದು ಖರೆ. ಕುದಿಯುವ ಕೊಪ್ಪರಿಗೆಯ ನೊರೆಯಲ್ಲಿ ಕಬ್ಬಿನ ತುಂಡು ಅದ್ದಿ, ಊದಿ ಊದಿ ನೆಕ್ಕಿದರೆ ತುಟಿ ಅಂಟಿಕೊಂಡು ಮಾತೇ ಹೊರಡುತ್ತಿರಲಿಲ್ಲ. ಬೆಲ್ಲದ ವಾಸನೆ, ಡೀಸೆಲ್ಲಿನ ವಾಸನೆ, ಇವೆರಡೂ ಕೂಡಿದರೆ ನನಗೆ ಇಂದಿಗೂ ಚಳಿಗಾಲ.

ಡೀಸೆಲ್ಲಿನ ವಾಸನೆಯ ಒಡೆಯ ಸಾಮಣ್ಣ. ಪೂರ್ತಿ ಹೆಸರು ಸಾಮುವೇಲ. ಘಟಪ್ರಭಾದ ಹುಡುಗ, ನಮ್ಮ ಗಾಣದ ಎಂಜಿನ್ ನಡೆಸಲು ಹಂಗಾಮಿನುದ್ದಕ್ಕೂ ನಮ್ಮಲ್ಲೇ ಇರುತ್ತಿದ್ದ. ಎಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವನ ದನಿ ಎಷ್ಟು ದೊಡ್ಡದಾಗಿತ್ತೆಂದರೆ, ನೀರು ಕೇಳಿದರೂ ಜಗಳಕ್ಕೆ ಬಂದಂತೆ ಕೇಳಿಸುತ್ತಿತ್ತು. "ಒದರಬ್ಯಾಡೋ ಸಾಮ್ಯಾ, ಎಂಜಿನ್ ಬಂದ್ ಐತಿ" ಎಂದು ಆಯಿ ದಿನಾ ಹೇಳುತ್ತಿದ್ದಳು.

ಸಾಮಣ್ಣನಿಗೆ ಪಾಸ್ಟರ್ ಆಗುವ ಹುಚ್ಚು. ಎಂಜಿನ್ನಿಗೆ ಎಣ್ಣೆ ಬಿಡುತ್ತ, ಪ್ರಳಯದಲ್ಲಿ ಪ್ರಾಣಿಗಳನ್ನು ಉಳಿಸಿದ ಬೈಬಲಿನ ನೋಹನ ಹಡಗಿನ ಕತೆ ಹೇಳುತ್ತಿದ್ದ. ಆ ಹಡಗಿನಲ್ಲಿ ಎಮ್ಮೆ, ಜವಾರಿ ಕೋಳಿ, ಮೂಡಲಗಿ ಸಂತೆಯಲ್ಲಿ ಸಿಗುವ ಎಲ್ಲ ಪ್ರಾಣಿಗಳೂ ಇರುತ್ತಿದ್ದವು. ಆ ವರ್ಷ ಬೆಳಗಾವಿಯ ದೊಡ್ಡ ಪಾಸ್ಟರು, ಒಂದು ಭಾನುವಾರ ತಾವೇ ಬಂದು ನೋಡುವುದಾಗಿ ಹೇಳಿ ಕಳಿಸಿದರು. ಅವನ ಮಾತು ಕೇಳಲು ಜನ ಕೂಡುವುದು ನಿಜವಾದರೆ ತಮ್ಮ ಖರ್ಚಿನಲ್ಲಿ ಓದಿಸಿ ಪಾಸ್ಟರ್ ಮಾಡುತ್ತಾರೆ. ಇಲ್ಲವಾದರೆ ಎಂಜಿನ್ನೇ ಗತಿ. ಸಾಮಣ್ಣನ ಸಭೆಯಲ್ಲಿ ಆಗ ಇದ್ದವರು ಅವನ ತಾಯಿ, ತಂಗಿ ಮತ್ತು ಕಿವಿ ಕೇಳದ ಒಬ್ಬ ಮಾವ.

"ನಿಮ್ಮ ಗಾಣದ ಮನಿ ಒಂದ ಸಂಜಿಕ ಕೊಡ್ರಿ ಆಯಿ. ಊಟಾ ಇಟ್ಟರ ಕಬ್ಬ ಕಡಿಯಾವ್ರೆಲ್ಲಾ ಬರ್ತಾರ."

"ಊಟಕ ಬಂದಾವ್ರು ನಿನ್ನ ದೇವರ ಮಾತ ಕೇಳ್ತಾರೇನ?"

"ಮೊದಲ ಮಾತ, ಆಮ್ಯಾಲ ಊಟರಿ. ಊಟದ ಆಸೆಕ ಕುಂಡರ್ತಾರ."

ಆಯಿ ನಕ್ಕಳು. ಕೊಟ್ಟಳು. ಆದರೆ ಕೋಳಿ ಇಲ್ಲ, ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲ, ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಇಲ್ಲ. ಸಾಮಣ್ಣನ ತಾಯಿ ಹಣೆ ಚಚ್ಚಿಕೊಂಡಳು: "ಬೆಳಗಾವಿಂದ ದೊಡ್ಡಾವ್ರು ಬರಾಕತ್ಯಾರ, ಕೋಳಿ ಇಲ್ಲದ ಅದೆಂಥಾ ಸಭಾನೋ ಯಪ್ಪಾ?" ಕೊನೆಗೆ ಆಯಿಯೇ ಹೊಸ ಬೆಲ್ಲ ಕೊಟ್ಟು ಗೋಧಿ ಹುಗ್ಗಿ ಮಾಡಿಸಿದಳು. ರೊಟ್ಟಿ, ಹೆಸರುಕಾಳಿನ ಪಲ್ಲೆ, ಶೇಂಗಾ ಚಟ್ನಿ.

ಭಾನುವಾರ ಮಧ್ಯಾಹ್ನದಿಂದಲೇ ಹುಗ್ಗಿಯ ವಾಸನೆ ಅರ್ಧ ಊರಿಗೆ ಹಬ್ಬಿತು. ಕಬ್ಬು ಕಡಿಯುವವರು ಹೆಂಡಿರು ಮಕ್ಕಳ ಸಮೇತ ಬಂದರು. ನಮ್ಮ ಓಣಿಯ ಜೈನರು "ಏನೈತಿ ನೋಡೂಣಂತ" ಎಂದು ಬಂದರು. ಬಾರದಿದ್ದವರು ಒಬ್ಬರೇ, ದೊಡ್ಡ ಪಾಸ್ಟರು. ಘಟಪ್ರಭಾ ಸ್ಟೇಶನ್ನಿಗೆ ಕರೆತರಲು ಹೋದ ಹುಡುಗ ಬರಿಗೈಲಿ ಸೈಕಲ್ ತುಳಿಯುತ್ತ ಬಂದು, ರೈಲು ತಡ ಎಂದು ಹೇಳಿ ಮತ್ತೆ ಹೋದ. ಸೂರ್ಯ ಇಳಿಯತೊಡಗಿದ. ನಾನು (ಅಥವಾ ಅಕ್ಕ) ಸಿಪ್ಪೆಯ ಗುಡ್ಡದ ಮೇಲೆ.

ಸಾಮಣ್ಣ ಗುಡ್ಡದ ಬುಡಕ್ಕೆ ಬಂದು ನಿಂತ. "ಎಷ್ಟೈತಿ?"

"ಗರಿಯಿಂದ ಒಂದ ಗೇಣ ಮ್ಯಾಲ ಐತಿ."

ಅವನ ಮುಖ ಸಣ್ಣದಾಯಿತು. ಈಗ ಬಡಿಸಿದರೆ ಉಂಡು ಎದ್ದು ಹೋಗುತ್ತಾರೆ. ಪಾಸ್ಟರು ಬಂದಾಗ ಎಂಜಲೆಲೆ ಬಿಟ್ಟರೆ ಏನೂ ಇರುವುದಿಲ್ಲ. ಬಡಿಸದಿದ್ದರೆ ಆಯಿಯ ಮಾತು ಮೀರಿದಂತೆ; ಅವಳು ಹುಗ್ಗಿಯ ಹಂಡೆಗೆ ಮುಚ್ಚಳ ಹಾಕಿ ಕೂತರೆ ಊಟವೂ ಇಲ್ಲ, ಜನವೂ ಇಲ್ಲ. ಆಯಿ ಹಂಡೆಯ ಬಾಜೂಕ್ಕೇ ಕೂತಿದ್ದಳು.

"ಸಾಮ್ಯಾ, ನೀಡಸ್ತಿಯೋ ಮುಚ್ಚಲ್ಯೋ?"

ಸಾಮಣ್ಣ ಒಮ್ಮೆ ಹಂಡೆ ನೋಡಿದ, ಒಮ್ಮೆ ಸ್ಟೇಶನ್ನಿನ ದಾರಿ ನೋಡಿದ. "ನೀಡ್ರಿ" ಎಂದ. ಪಂಕ್ತಿ ಕೂತಿತು. ಎಲ್ಲರ ಎಲೆಗೆ ಹುಗ್ಗಿ ಬಿದ್ದದ್ದೇ, ಅವನು ಗಾಣದ ಕಟ್ಟೆ ಏರಿ ನಿಂತು ಶುರು ಮಾಡಿಬಿಟ್ಟ. ಉಣ್ಣುವವರು ಎದ್ದು ಹೋಗಲಾರರು, ಬಾಯಿ ತುಂಬಿದವರು ಎದುರು ಮಾತಾಡಲಾರರು. ಯೇಸು ಸಾವಿರಾರು ಜನರನ್ನು ಹುಲ್ಲಿನ ಮೇಲೆ ಕೂರಿಸಿ ಐದು ರೊಟ್ಟಿ, ಎರಡು ಮೀನಿನಲ್ಲಿ ಉಣಿಸಿದ ಕತೆ ಹೇಳಿದ. ಮೀನು ಬಂದಾಗ ಆಯಿಯ ಮುಖ ನೋಡಿ, "ಮೀನದ್ದು ಬಿಡ್ರಿ, ರೊಟ್ಟಿದು ಕೇಳ್ರಿ" ಎಂದ.

"ಐದ ರೊಟ್ಟಿ ನನಗೊಬ್ಬಗ ಸಾಲೂದಿಲ್ಲೋ ಸಾಮಣ್ಣ" ಎಂದ ಕಬ್ಬು ಕಡಿಯುವವನೊಬ್ಬ.

"ಅದಕ್ಕ ಅದು ಪವಾಡ. ನೀ ಆಗ ಅಲ್ಲಿದ್ದಿದ್ರ ಅದೂ ಕಷ್ಟ ಇತ್ತು."

ಪಂಕ್ತಿ ಬಿದ್ದು ಬಿದ್ದು ನಕ್ಕಿತು. ಎರಡನೇ ಸಲ ಹುಗ್ಗಿ ಬಂತು, ಮೂರನೇ ಸಲ ಬಂತು. ಯಾರೂ ಏಳಲಿಲ್ಲ, ಅದು ಹುಗ್ಗಿಗೋ ಮಾತಿಗೋ ನಾನು ಆಣೆ ಮಾಡಿ ಹೇಳಲಾರೆ. ಅಷ್ಟರಲ್ಲಿ ಸೈಕಲ್ಲಿನ ಹಿಂದೆ ಕೂತು, ಧೂಳು ಮೆತ್ತಿದ ಬಿಳಿ ಅಂಗಿಯ ದೊಡ್ಡ ಪಾಸ್ಟರು ಬಂದಿಳಿದರು. ಕೈಯಲ್ಲಿ ಗೋಕಾಕದ ಕರದಂಟಿನ ಡಬ್ಬಿ. ಸಾಲು ಸಾಲಾಗಿ ಕೂತು, ಉಣ್ಣುತ್ತ ಕೇಳುತ್ತ ಇರುವ ಜನ. ಮೇಲೆ ನಿಂತು ರೊಟ್ಟಿಯ ಕತೆ ಹೇಳುವ ಎಂಜಿನ್ನಿನವನು. ಅವರು ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ಪ್ರಾರ್ಥನೆಗೆಂದು ಕೈ ಎತ್ತಿದರು.

"ಮೊದಲ ಉಣ್ರಿ ಪಾಸ್ಟರ್ರ" ಎಂದಳು ಆಯಿ. "ಹೊತ್ತ ಮುಳಗಾಕತ್ತೈತಿ. ನಿಮ್ಮ ದೇವರು ಎಲ್ಲಿ ಹೋಗೂದಿಲ್ಲ."

ದೊಡ್ಡ ಪಾಸ್ಟರು ಎತ್ತಿದ ಕೈ ಇಳಿಸಿ, ತೊಳೆದು, ಪಂಕ್ತಿಯಲ್ಲಿ ಕೂತರು. ಅವರ ಕೊನೆಯ ತುತ್ತಿಗೂ "ಹೋತು" ಎಂಬ ಕೂಗಿಗೂ ಸರಿಹೋಯಿತು. ಮರುವರ್ಷ ನಮ್ಮ ಎಂಜಿನ್ನಿಗೆ ಬೇರೆ ಹುಡುಗ ಬಂದ.

ಸಾಮಣ್ಣ ಓದಿ ಬಂದು ಘಟಪ್ರಭಾದಲ್ಲಿ ಪ್ರಾರ್ಥನೆಗೆ ಬಾಡಿಗೆ ಕೋಣೆ ಹಿಡಿದ, ಆಮೇಲೆ ಗೋಕಾಕದಲ್ಲಿ ಹಾಲ್. ಅವನ ಉಪದೇಶದ ಕ್ಯಾಸೆಟ್ಟುಗಳು ಬಂದವು, ನಂತರ ಟಿವಿಯಲ್ಲಿ ಬೆಳಗಿನ ಕಾರ್ಯಕ್ರಮ. ಕೊನೆಗೆ ಹುಬ್ಬಳ್ಳಿಯ ಹೊರಗೆ ಸಾವಿರಾರು ಜನ ಕೂರುವ ಸಭಾಂಗಣ. ಮಧ್ಯೆ ಕೆಲಸದಿಂದ ಕೆಲಸಕ್ಕೆ ಹಾರುತ್ತಿದ್ದ ನಾನು ಒಂದು ಭಾನುವಾರ ಹುಬ್ಬಳ್ಳಿಯಲ್ಲಿದ್ದೆ, ಹೋದೆ. ನಂಬಲು ಅಲ್ಲ, ನೋಡಲು.

ಕಿಟಕಿಯೇ ಇಲ್ಲದ ಕರಿ ಗೋಡೆ, ಬಣ್ಣದ ದೀಪ, ಗಿಟಾರು. ಆದರೆ ಹಾಡಿಗೂ ಮುಂಚೆ, ಸಂಜೆಯ ಬೆಳಕಿರುವಾಗಲೇ ಊಟ. ಹುಗ್ಗಿ, ಹೆಸರುಕಾಳಿನ ಪಲ್ಲೆ. ಉಳ್ಳಾಗಡ್ಡಿ ಇರಲಿಲ್ಲ. ಬಡಿಸುತ್ತಿದ್ದ ಹುಡುಗಿಯನ್ನು ಕೇಳಿದೆ, ಇದೇಕೆ ಹೀಗೆ ಎಂದು.

"ಪಾಸ್ಟರ್ ಅವರಿಗೆ ದೇವರು ದರ್ಶನದಾಗ ಹೇಳಿದ್ದು ಸರ್."

ಊಟ ಮುಗಿಯುವ ಮುಂಚೆ ಅವನೇ ಸಾಲುಗಳ ನಡುವೆ ಬಂದ. ಕೂದಲು ಹಣ್ಣಾಗಿತ್ತು, ಕೋಟು ಹಾಕಿದ್ದ. ಗುರುತು ಹೇಳಿದೆ. "ಏ, ಮಸಗುಪ್ಪಿ ಆಯಿ ಮೊಮ್ಮಗ" ಎಂದ ದನಿಗೆ ಎಂಟು ಸಾಲು ತಿರುಗಿ ನೋಡಿತು.

"ಸಾಮಣ್ಣ, ಎಂಜಿನ್ ಬಂದ್ ಐತಿ" ಎಂದೆ.

ಹೊಟ್ಟೆ ಹಿಡಿದು ನಕ್ಕ. ದರ್ಶನದ ಮಾತು ತೆಗೆದೆ. "ದರ್ಶನ ಖರೆನ" ಎಂದ ಮೆಲ್ಲಗೆ. "ಆದ್ರ ಕೊಟ್ಟಾಕಿ ನಿಮ್ಮ ಆಯಿ. ತೀರಿ ಹ್ವಾದ್ಲಂತಲ್ಲಾ, ಬರಾಕ ಆಗಲಿಲ್ಲ ನನಗ." ಇನ್ನೂ ಎಲೆ ಮುಂದೆ ಕೂತಿದ್ದ ಜನರತ್ತ ನೋಡಿದ, ಕರಿ ಗೋಡೆಯತ್ತ ನೋಡಿದ. ಏನೋ ಚಡಪಡಿಕೆ. "ಹೋಗಪಾ, ಹೊರಗ ಹೊತ್ತ ಎಷ್ಟೈತಿ ನೋಡ್ಕೊಂಡ ಬಾ."

ಅಕ್ಕನಿಗೆ ಈ ಮಾತು ಕೇಳಿಸಬೇಕಿತ್ತು, ಗುಡ್ಡ ಏರಿದವನು ನಾನೇ ಎಂಬುದಕ್ಕೆ ಒಂದು ಸಾಕ್ಷಿ. ಅಥವಾ ಕೈಗೆ ಸಿಕ್ಕವರನ್ನು ಅವನು ಹೀಗೆಯೇ ಕಳಿಸುತ್ತಾನೋ ಏನೋ.

ಹೊರಗೆ ಬಂದೆ. ಪಶ್ಚಿಮಕ್ಕೆ ಗೋದಾಮು, ಅದರ ಮೇಲೆ ಸಿಮೆಂಟಿನ ಜಾಹೀರಾತು, ಅದರಾಚೆ ಇನ್ನೊಂದು ಗೋದಾಮು. ಬೆಳಕಿತ್ತು, ಸೂರ್ಯ ಎಲ್ಲೂ ಕಾಣಲಿಲ್ಲ. ಮಸಗುಪ್ಪಿಯಲ್ಲೂ ಈಗ ಕಬ್ಬೆಲ್ಲ ಲಾರಿ ಹತ್ತಿ ಕಾರ್ಖಾನೆಗೆ ಹೋಗುತ್ತದೆ. ನಮ್ಮ ಗಾಣ ಗುಜರಿಗೆ ಹೋಯಿತು, ಸಿಪ್ಪೆಯ ಗುಡ್ಡವಿಲ್ಲ, ಕೆಳಗಿನಿಂದ ಕೇಳುವವಳೂ ಇಲ್ಲ. ಹತ್ತಿ ನೋಡಲು ಏನಾದರೂ ಇದೆಯೇ ಎಂದು ಸುತ್ತ ಕಣ್ಣಾಡಿಸಿದೆ. ತೆರೆದ ಬಾಗಿಲಿನೊಳಗೆ ಒಬ್ಬ ಮುದುಕಿಯ ಎಲೆಗೆ ಆಗಷ್ಟೇ ಹುಗ್ಗಿ ಬೀಳುತ್ತಿತ್ತು. ಸಾಮಣ್ಣ ದೂರದಿಂದಲೇ ನನ್ನ ಮುಖ ನೋಡುತ್ತಿದ್ದ.

"ಇನ್ನೂ ಐತಿ" ಎಂದು ಕೂಗಿದೆ.